ಎಂಟು ತಿಂಗಳ ಮಗು ಮುಖ ತಿರುಗಿಸುತ್ತದೆ, ಕೆಲಸ ಬಿಡಲೇ? – ಓದುಗರ ಸ್ಪಂದನ

ಕಳೆದ ವಾರ ಬೆಂಗಳೂರಿನ ಕೆಂಗೇರಿಯ ಓದುಗರೊಬ್ಬರು ತಮ್ಮ ಸಂಕಟ ಬರೆದಿದ್ದರು. ಆಫೀಸು ವೈಟ್‌ಫೀಲ್ಡ್‌ನಲ್ಲಿ. ನೇರಳೆ ಮಾರ್ಗದ ಮೆಟ್ರೋದಲ್ಲಿ ಊರಿನ ಈ ತುದಿಯಿಂದ ಆ ತುದಿ. ಬೆಳಿಗ್ಗೆ 7ಕ್ಕೆ ಹೊರಟರೆ ವಾಪಸ್ ಬರುವುದು ರಾತ್ರಿ 8ಕ್ಕೆ. ಬಂದು ಕೈ ಚಾಚಿದರೆ ಮಗು ಅಜ್ಜಿಯ ಹೆಗಲಲ್ಲಿ ಮುಖ ಹುದುಗಿಸುತ್ತದೆ. ಕೆಲಸ ಬಿಡಲೇ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಉದ್ದವಿದೆ. ಮೊಟಕು ಮಾಡಲು ಕೈ ಬರಲಿಲ್ಲ.

*

ತಂಗೀ, ನನಗೆ ಬರೆಯಲು ಅಷ್ಟಾಗಿ ಬರುವುದಿಲ್ಲ. ನಾನು ಹೇಳುತ್ತಿದ್ದೇನೆ, ಸೊಸೆ ಮೊಬೈಲಿನಲ್ಲಿ ಬರೆಯುತ್ತಿದ್ದಾಳೆ. ನಿನ್ನ ಪತ್ರವನ್ನು ಅವಳೇ ಓದಿ ಹೇಳಿದ್ದು. ಅರ್ಧಕ್ಕೇ ಎದ್ದು ಒಳಗೆ ಹೋಗಿಬಿಟ್ಟೆ.

ನಾನು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ 22 ವರ್ಷ ಟೈಲರ್ ಆಗಿದ್ದವಳು. ಮಗ ಹುಟ್ಟಿದ್ದು 1997ರಲ್ಲಿ. ಆಗ ಹೆರಿಗೆ ರಜೆ 12 ವಾರ ಅಷ್ಟೇ. ಫ್ಯಾಕ್ಟರಿಯಲ್ಲಿ ಮಕ್ಕಳ ರೂಮು ಅಂತ ಒಂದಿತ್ತು, ಆದರೆ ಬಯ್ಯರ್ ಬರುವ ದಿನ ಬಿಟ್ಟರೆ ಅದರ ಬೀಗ ತೆಗೆದಿದ್ದನ್ನು ನಾನು ನೋಡಿಲ್ಲ. ಬಾಡಿಗೆ ಮನೆಯಲ್ಲಿ ನಾವಿಬ್ಬರೇ, ಇಬ್ಬರೂ ದುಡಿಯದಿದ್ದರೆ ನಡೆಯುತ್ತಿರಲಿಲ್ಲ. ಹಾಗಾಗಿ ಮೂರು ತಿಂಗಳ ಕೂಸನ್ನು ಮದ್ದೂರಿನ ಹತ್ತಿರ ನಮ್ಮೂರಲ್ಲಿ ಅವ್ವನ ಹತ್ತಿರ ಬಿಟ್ಟು ಬಂದೆ. ಹಾಲು ಬತ್ತಲಿ ಅಂತ ಅವ್ವ ಎದೆಗೆ ಮಲ್ಲಿಗೆ ಹೂವು ಕಟ್ಟಿ ಕಳಿಸಿದಳು. ಎಲ್ಲಿ ಬತ್ತುತ್ತೆ? ಲೈನ್‌ನಲ್ಲಿ ಕೂತು ಕಾಲರ್ ಹೊಲಿಯುವಾಗ ಎದೆ ಕಲ್ಲಿನ ಹಾಗೆ ಗಟ್ಟಿಯಾಗೋದು, ರವಿಕೆ ನೆನೆಯೋದು. ಬಾತ್‌ರೂಮಿಗೆ ಹೋಗಿ ಹಿಂಡಿ ಚೆಲ್ಲಿ ಬರೋಣ ಅಂದರೆ ಟಾರ್ಗೆಟ್ ಹಿಂದೆ ಬೀಳುತ್ತೆ ಅಂತ ಸೂಪರ್‌ವೈಸರ್ ಕೂಗೋನು. ಇವತ್ತಿಗೂ ಮಲ್ಲಿಗೆ ಮುಡಿಯೋದಿಲ್ಲ ನಾನು. ಮನೆಯವರು ಯಾಕೆ ಅಂತ ಕೇಳಿದಾಗ ತಲೆನೋವು ಬರುತ್ತೆ ಅಂದೆ.

ತಿಂಗಳಿಗೊಂದು ಭಾನುವಾರ ಊರಿಗೆ ಹೋಗ್ತಿದ್ದೆ. ಸ್ಕೂಲಿಗೆ ಸೇರಿಸಲು ಕರೆತರುವ ಹೊತ್ತಿಗೆ ಅವನಿಗೆ ಐದು ವರ್ಷ. ನನ್ನ ತಂಗಿಯರು ನನ್ನನ್ನು ಅಕ್ಕ ಅನ್ನುತ್ತಿದ್ದರಲ್ಲ, ಅವನೂ ಅಕ್ಕ ಅಂತಲೇ ಕರೆಯುತ್ತಿದ್ದ. ರಾತ್ರಿ ಗೋಡೆ ಕಡೆ ತಿರುಗಿ ಮಲಗಿ ಅವ್ವಾ ಅವ್ವಾ ಅಂತ ಅಳೋನು. ನಾನು ಪಕ್ಕದಲ್ಲೇ ಇದ್ದೆ. ಹೋದ ವರ್ಷ ನಮ್ಮವ್ವ ತೀರಿಕೊಂಡಳು. ಅವನು ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕೂತು ಅತ್ತದ್ದು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಹೆತ್ತ ತಾಯಿ ಸತ್ತ ದಿನ ಹೊಟ್ಟೆಕಿಚ್ಚು! ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಸೊಸೆಗೆ ಗೊತ್ತಾಯಿತು. ಬರೆಯುವುದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಾಳೆ. ಅವಳಿಗೆ ಈಗ ಆರು ತಿಂಗಳು.

ಕೆಲಸ ಬಿಡು ಅಂತ ನಾನು ಹೇಳಲ್ಲ. ಬಿಡಬೇಡ ಅಂತಲೂ ಹೇಳಲಾರೆ. ನಿನ್ನ ಮಗು ರಾತ್ರಿ ನಿನ್ನ ಪಕ್ಕದಲ್ಲೇ ಮಲಗುತ್ತದಲ್ಲ ತಾಯಿ?

– ಒಬ್ಬ ತಾಯಿ, ಬೆಂಗಳೂರು

*

ಕೆಲಸವೇ ಮುಖ್ಯ ಅಂತಿದ್ದರೆ ಹೆರುವ ಮೊದಲೇ ಯೋಚಿಸಬೇಕಿತ್ತು. ಮಗು ಮುಖ ತಿರುಗಿಸದೆ ಇನ್ನೇನು ಮಾಡುತ್ತದೆ?

– ಓದುಗ, ಹಾವೇರಿ

*

ಇವರು ಬರೆದದ್ದು ಇಷ್ಟೇ. ತಮ್ಮ ಮನೆಯ ಮಕ್ಕಳನ್ನು ಎತ್ತಿ ಆಡಿಸಿದವರು ಯಾರು ಎಂದು ತಿಳಿಸಿಲ್ಲ. ಉಡುಪಿಯಿಂದ ನರ್ಸ್ ಒಬ್ಬರು ಬೇರೆಯದೇ ಮಾತು ಹೇಳುತ್ತಾರೆ.

*

ಎಂಟು ಒಂಬತ್ತು ತಿಂಗಳಿಗೆ ಮಕ್ಕಳು ಹೀಗೇ. ಯಾರು ತಮ್ಮವರು, ಯಾರು ಹೊರಗಿನವರು ಅಂತ ಗೊತ್ತಾಗುವ ವಯಸ್ಸು, ದಿನವಿಡೀ ಎತ್ತಿಕೊಂಡವರನ್ನು ಬಿಟ್ಟು ಬರಲು ಒಪ್ಪುವುದಿಲ್ಲ. ನಿಮ್ಮ ಮೇಲೆ ಸಿಟ್ಟಲ್ಲ ಅದು. ಬಂದ ಕೂಡಲೇ ಎಳೆದುಕೊಳ್ಳಬೇಡಿ. ಅಜ್ಜಿಯ ಪಕ್ಕ ಸುಮ್ನೆ ಕೂತಿರಿ, ಹತ್ತು ನಿಮಿಷಕ್ಕೆ ತಾನೇ ತೆವಳಿಕೊಂಡು ಬರುತ್ತದೆ.

ಹಾಲಿನ ವಿಷಯ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಆಫೀಸಿನಲ್ಲಿ ತೆಗೆದ ಹಾಲು ಚೆಲ್ಲಬೇಡಿ. ತೀರಾ ಸೆಕೆ ಇಲ್ಲದಿದ್ದರೆ ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಒಲೆಯ ಮೇಲೆ ಕಾಯಿಸುವುದು ಬೇಡ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಸಾಕು. ಬಾಟಲಿ ಹಿಡಿಯದ ಮಕ್ಕಳು ಒಳಲೆಯಲ್ಲಿ ಚೆನ್ನಾಗಿ ಕುಡಿಯುತ್ತವೆ. ರಾಗಿ ಸರಿ ಶುರು ಮಾಡಿದ್ದೀರಿ ಅಲ್ವಾ?

– ಉಡುಪಿ

*

ಕಚೇರಿ ಆಡಳಿತದಲ್ಲಿರುವ ಮೈಸೂರಿನ ಓದುಗರು ನಾಲ್ಕು ಪುಟ ಬರೆದಿದ್ದಾರೆ. ಉಪಯೋಗವಾಗುವ ಭಾಗ ಮಾತ್ರ ತೆಗೆದುಕೊಂಡಿದ್ದೇವೆ.

*

ಎಲ್ಲರೂ ಅತ್ತು ಸಮಾಧಾನ ಮಾಡುತ್ತಾರೆ, ನಿಯಮ ಯಾರೂ ಓದುವುದಿಲ್ಲ. 50 ಜನಕ್ಕಿಂತ ಕಡಿಮೆ ಇಲ್ಲದ ಕಂಪನಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಲೇಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಬರಬಹುದು. 26 ವಾರದ ರಜೆಯ ಜೊತೆಗೆ ಇದೂ 2017ರಲ್ಲೇ ಬಂದದ್ದು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ಎರಡು ಬಿಡುವು ಬೇರೆ. ಕೆಲಸ ಅಂಥದ್ದಾದರೆ ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಕೇಳಬಹುದು. ಕೊಡಲೇಬೇಕು ಅಂತಿಲ್ಲ, ಆದರೆ ಬರೆದು ಕೇಳಿದ್ದೀರಾ? ಬಾಯಲ್ಲಿ ಕೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಬೆಳಿಗ್ಗೆ ಆ ಮೆಟ್ರೋ ರಶ್ಶಿನಲ್ಲಿ ಕೂಸನ್ನು ಹೇಗೆ ಕರೆದೊಯ್ಯುವುದು ಅಂತ ನೀವು ಕೇಳಿದರೆ ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

– ಮೈಸೂರು

*

ಎಲ್ಲ ಸರಿ, ಆ ಅಜ್ಜಿಯನ್ನು ಯಾರಾದರೂ ಕೇಳಿದಿರಾ? ನನಗೆ 63. ಎರಡು ವರ್ಷದಿಂದ ಮೊಮ್ಮಗಳು ನನ್ನ ಸೊಂಟದ ಮೇಲೇ ಇದ್ದಾಳೆ. ಸೊಂಟ ಹೋಯಿತು, ಸಂಘದ ಭಜನೆ ಹೋಯಿತು, ಅಣ್ಣನ ಮನೆ ಗೃಹಪ್ರವೇಶಕ್ಕೂ ಹೋಗಲಾಗಲಿಲ್ಲ. ಸಂಜೆ ಸೊಸೆ ಬಂದು ಮಗುವಿಗೆ ನೀವೇ ಬೇಕು ಅಂತ ಮುಖ ಸಣ್ಣ ಮಾಡಿಕೊಳ್ಳುತ್ತಾಳೆ. ನಾನೇನು ಕದ್ದೆನಾ? ಮಗು ನನ್ನನ್ನು ಹಚ್ಚಿಕೊಂಡಿದೆ ಅಂತ ಅಳುವ ಬದಲು ಭಾನುವಾರ ಒಂದು ದಿನ ನನಗೆ ರಜೆ ಕೊಡಲಿ. ಇದನ್ನು ಹೆಸರಿಲ್ಲದೆ ಹಾಕಿ.

– ತುಮಕೂರು

*

ಪ್ರಶ್ನೆ ಕೇಳಿದವರ ಪತ್ರದಲ್ಲಿ ಮಗು ಇತ್ತು, ಅತ್ತೆ ಇದ್ದರು, ಮ್ಯಾನೇಜರ್ ಇದ್ದರು. ಗಂಡ ಎಲ್ಲೂ ಇರಲಿಲ್ಲ. ಪ್ರಕಟಿಸುವಾಗ ನಾವೂ ಗಮನಿಸಿರಲಿಲ್ಲ. ಹುಬ್ಬಳ್ಳಿಯ ಓದುಗರೊಬ್ಬರು ಗಮನಿಸಿದ್ದಾರೆ.

*

ಇವರ ಯಜಮಾನರು ಎಷ್ಟು ಗಂಟೆಗೆ ಮನೆಗೆ ಬರುತ್ತಾರೆ? ಚುಚ್ಚಲು ಕೇಳುತ್ತಿಲ್ಲ, ನಾನೂ ಅದೇ ಜಾತಿ. ಕೇಂದ್ರ ಸರ್ಕಾರದ ನೌಕರಿ, ಮಗು ಹುಟ್ಟಿದಾಗ ಅಪ್ಪನಿಗೂ 15 ದಿನ ರಜೆ ಸಿಗುತ್ತದೆ. ತಗೊಂಡೆ. ಆ 15 ದಿನದಲ್ಲಿ ನಾನು ಪೇಢೆ ಹಂಚಿದ್ದೇ ಜಾಸ್ತಿ. ಈಗ ಮಗಳಿಗೆ 10 ತಿಂಗಳು. ನಾನು ಸಂಜೆ 6ಕ್ಕೇ ಮನೆ ಸೇರುತ್ತೇನೆ, ಹೆಂಡತಿ ಬರುವುದು 7:30ಕ್ಕೆ. ಮಗು ನನ್ನನ್ನು ಕಂಡು ಮುಖ ತಿರುಗಿಸಿದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಅವಳನ್ನು ಕಂಡು ತಿರುಗಿಸಿದರೆ ಯಾರೂ ನಗುವುದಿಲ್ಲ. ನನಗೆ ಯಾರೂ ಕೆಲಸ ಬಿಡು ಅಂದಿಲ್ಲ, ನಾನೂ ಯಾರನ್ನೂ ಕೇಳಿಲ್ಲ. ನಿಮ್ಮ ಅಂಕಣ ಓದಿದ ಮೇಲೆ ಸಂಜೆ ಸ್ನಾನ ಮತ್ತು ಊಟ ನನ್ನದು ಅಂತ ಮಾಡಿಕೊಂಡಿದ್ದೇನೆ. ನಾಲ್ಕು ದಿನ ಆಯಿತು. ಮಲಗಿಸುವುದು ಇನ್ನೂ ಬಂದಿಲ್ಲ. ಇದನ್ನು ಬರೆಯುತ್ತಿರುವಾಗಲೂ ಒಳಗೆ ಜೋಗುಳ ಹಾಡುತ್ತಿರುವುದು ಅವಳೇ.

– ಹುಬ್ಬಳ್ಳಿ