ಲಿಂಗಪೂಜೆಯಲ್ಲಿ ಮನಸ್ಸು ನಿಂತಾಗ ಭಕ್ತಿ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ:
ದಿನವೂ ಬೆಳಗ್ಗೆ ವಿಭೂತಿ ಧರಿಸಿ, ಪತ್ರೆ ಏರಿಸಿ, ವಚನ ಹೇಳಿಕೊಂಡು ಇಷ್ಟಲಿಂಗ ಪೂಜೆ ಮಾಡುತ್ತೇನೆ. ಅನಂತರ ಅಂಗೈಯ ಲಿಂಗವನ್ನು ದಿಟ್ಟಿಸುತ್ತ ಕುಳಿತಾಗ ಕೆಲವೊಮ್ಮೆ ಮನಸ್ಸು ತಾನಾಗಿ ನಿಲ್ಲುತ್ತದೆ. ಆಗ ‘ನೀನು ಒಡೆಯ, ನಾನು ಆಳು’ ಎಂಬ ಭಾವವೂ ಉಳಿಯುವುದಿಲ್ಲ. ಇದು ಭಕ್ತಿ ಕುಂದಿದ ಲಕ್ಷಣವೇ? ಧ್ಯಾನ ಕೈಗೂಡಿದ ಮೇಲೆ ಭಕ್ತಿಯನ್ನು ಬಿಡಬೇಕೇ?

ಉತ್ತರ 1:
ಷಟ್‌ಸ್ಥಲದಲ್ಲಿ, ಅಂದರೆ ಶರಣರು ಹೇಳುವ ಸಾಧನೆಯ ಆರು ಹಂತಗಳಲ್ಲಿ, ಭಕ್ತಿಯನ್ನು ಬಿಡುವ ಸ್ಥಲವೇ ಇಲ್ಲ. ಭಕ್ತನಿಗೆ ಶ್ರದ್ಧಾಭಕ್ತಿ, ಮಹೇಶನಿಗೆ ನಿಷ್ಠಾಭಕ್ತಿ, ಪ್ರಸಾದಿಗೆ ಅವಧಾನಭಕ್ತಿ ಎಂದು ಹೇಳಿದವರು ಪೂಜೆ ಒಳಮುಖವಾಗುವ ಪ್ರಾಣಲಿಂಗಿಸ್ಥಲಕ್ಕೆ ಅನುಭಾವಭಕ್ತಿಯನ್ನೂ, ಶರಣನಿಗೆ ಆನಂದಭಕ್ತಿಯನ್ನೂ, ಕೊನೆಗೆ ಇಬ್ಬರೆಂಬುದೇ ಅಳಿಯುವ ಐಕ್ಯಸ್ಥಲಕ್ಕೆ ಸಮರಸಭಕ್ತಿಯನ್ನೂ ಹೇಳಿದ್ದಾರೆ. ಹಾಗಾಗಿ ನಿಮ್ಮಲ್ಲಿ ಸುಮ್ಮನಾದದ್ದು ಭಕ್ತಿಯ ಮಾತು ಮಾತ್ರ ಎಂದು ನನಗೆ ತೋರುತ್ತದೆ.

ಉತ್ತರ 2:
ಮೇಲಿನ ಮಾತು ಸರಿಯೇ, ಆದರೆ ಆರು ಸ್ಥಲಗಳನ್ನು ಶಾಲೆಯ ತರಗತಿಗಳಂತೆ ಎಣಿಸುತ್ತ ಕೂರುವುದು ಬೇಡ. ಚೆನ್ನಮಲ್ಲಿಕಾರ್ಜುನನಿಗಾಗಿ ಹಂಬಲಿಸುವ ಅಕ್ಕಮಹಾದೇವಿಯ ವಚನಗಳಲ್ಲಿ ವಿರಹ ಎಲ್ಲಿ ಮುಗಿಯಿತು, ಧ್ಯಾನ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯಲು ಸಾಧ್ಯವೇ? ಬಾಹ್ಯಪೂಜೆಯನ್ನು ಅಲ್ಲಮಪ್ರಭು ಕಟುವಾಗಿ ಪ್ರಶ್ನಿಸಿದ್ದನ್ನು ಹಿಡಿದುಕೊಂಡು ಭಕ್ತಿಯನ್ನೇ ಹಗುರವಾಗಿ ಕಾಣುವವರು ಇಂದು ಬಹಳ ಮಂದಿ ಇದ್ದಾರೆ. ಅದೇ ಅಲ್ಲಮ ಬಸವಣ್ಣನ ಭಕ್ತಿಯನ್ನು ಮನಸಾರೆ ಕೊಂಡಾಡಿದ್ದು ಅವರ ಕಣ್ಣಿಗೆ ಬೀಳುವುದಿಲ್ಲ. ಬೇರೆ ದರ್ಶನದವರೂ ಈ ಎರಡನ್ನು ಬೇರ್ಪಡಿಸಿಲ್ಲ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಶ್ರೀಭಾಷ್ಯದಲ್ಲಿ, ಧ್ಯಾನವೆಂದರೆ ಎಣ್ಣೆಯ ಧಾರೆಯಂತೆ ತುಂಡಾಗದೆ ಹರಿಯುವ ಸ್ಮರಣೆ ಎನ್ನುತ್ತಾರೆ. ಸ್ಮರಿಸುವವನಿಗೆ ಅತ್ಯಂತ ಪ್ರಿಯವಾದ ಆ ಧ್ರುವಾನುಸ್ಮೃತಿಯನ್ನೇ ಭಕ್ತಿ ಎಂದು ಕರೆಯುತ್ತಾರೆ. ಪ್ರೀತಿಯಿಲ್ಲದ ಏಕಾಗ್ರತೆ ಲೆಕ್ಕ ಬರೆಯುವವನಿಗೂ ಇರುತ್ತದೆಯಲ್ಲವೇ!

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಶರಣು. ಹಾಗಾದರೆ ಮನಸ್ಸು ನಿಂತ ಹೊತ್ತಿನಲ್ಲಿ ವಚನವನ್ನೋ ಷಡಕ್ಷರಿ ಮಂತ್ರವನ್ನೋ ಬಲವಂತವಾಗಿ ಮುಂದುವರಿಸಬೇಕೇ?

ಉತ್ತರ 1:
ಬೇಡ. ನಿಂತಷ್ಟು ಹೊತ್ತು ನಿಲ್ಲಲಿ. ಮನಸ್ಸು ಹರಿದಾಡತೊಡಗಿದಾಗ ಮಂತ್ರಕ್ಕೆ ಮರಳಿದರೆ ಸಾಕು. ಆದರೆ ನಾಳೆಯೂ ಅದೇ ಶಾಂತಿ ಸಿಗಲೆಂದು ವಿಭೂತಿ, ಪತ್ರೆಗಳನ್ನು ಅವಸರದಲ್ಲಿ ಮುಗಿಸಬೇಡಿ. ಕಣ್ಣು ಉರಿದರೆ ರೆಪ್ಪೆ ಮುಚ್ಚಿ ಅದೇ ಲಿಂಗವನ್ನು ಒಳಗೆ ನೆನೆಯಿರಿ. ದೃಷ್ಟಿಯ ಅವಧಿಯನ್ನು ಹೆಚ್ಚಿಸುವ ವಿಚಾರವನ್ನು ಮಾತ್ರ ದೀಕ್ಷೆ ಕೊಟ್ಟ ಗುರುಗಳ ಬಳಿಯೇ ಕೇಳಿ.