ಪಂಪ್ 950ಕ್ಕೇ ನಿಂತಿದೆ, ಫ್ಯಾನ್ ಒದರುತ್ತಿದೆ. ಕಂಪ್ಯೂಟರಿನ ಲಿಕ್ವಿಡ್ ಕೂಲರ್ ಹೋಯಿತಾ?

ವಿಜಯಪುರದ ಎಡಿಟರ್:
ನಮಸ್ಕಾರ ರೀ. ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಅಂಗಡಿ ಮೇಲಿನ ಮಹಡಿಯಲ್ಲಿದೆ, ತಗಡಿನ ಚಾವಣಿ. ಮೇ ತಿಂಗಳ ಮಧ್ಯಾಹ್ನ ಒಳಗೇ 40 ಡಿಗ್ರಿ. ಅದಕ್ಕೇ ಕಂಪ್ಯೂಟರಿಗೆ 240 ಎಂಎಂ ಲಿಕ್ವಿಡ್ ಕೂಲರ್ (ಪಂಪಿನಿಂದ ನೀರು ಓಡಿಸಿ ಸಿಪಿಯು ಬಿಸಿಯನ್ನು ಫ್ಯಾನ್ ಇರುವ ರೇಡಿಯೇಟರಿಗೆ ಒಯ್ಯುವುದು) ಹಾಕಿಸಿದ್ದೆ. ಎರಡು ಬೇಸಿಗೆ ಚೆನ್ನಾಗಿಯೇ ನಡೆಯಿತು.

ಹೋದ ವಾರ ಎಸ್‌ಎಸ್‌ಡಿ ಹಾಕಿಸಲು ರಿಪೇರಿಗೆ ಕೊಟ್ಟಿದ್ದೆ. ಅವರು ಬಯೋಸ್ (ಮದರ್‌ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಕೂಡ ಅಪ್‌ಡೇಟ್ ಮಾಡಿದರು. ಅವತ್ತಿನಿಂದ ಎಕ್ಸ್‌ಪೋರ್ಟ್ ಒತ್ತಿದ ಅರ್ಧ ನಿಮಿಷಕ್ಕೆ ಸಿಪಿಯು 95 ಡಿಗ್ರಿ. ಫ್ಯಾನ್ 1900 ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಹಿಟ್ಟಿನ ಗಿರಣಿ ಶುರುವಾದ ಹಾಗೆ ಸದ್ದು. ಪಂಪ್ ಮಾತ್ರ 950ರ ಆಸುಪಾಸಿನಲ್ಲೇ ಇರುತ್ತದೆ, ಏರುವುದೇ ಇಲ್ಲ. ಥರ್ಮಲ್ ಪೇಸ್ಟ್ ಬದಲಿಸಿದೆ, ಉಪಯೋಗ ಆಗಲಿಲ್ಲ. ಕೂಲರ್ ಹೋಗಿದೆ, ಹೊಸದು ಹಾಕಿಸಿ ಅಂತ ರಿಪೇರಿಯವರು ಅನ್ನುತ್ತಿದ್ದಾರೆ. ನಾಲ್ಕು ಮದುವೆ ಬಾಕಿ ಇವೆ. ಏನು ಮಾಡಲಿ?

ಬೆಳಗಾವಿ ಗೇಮರ್:
ಗುಳುಗುಳು ಸದ್ದು ಬರುತ್ತಿದೆಯಾ? ಪಂಪ್ ರೇಡಿಯೇಟರ್‌ಗಿಂತ ಮೇಲಿದ್ದರೆ ಒಳಗಿನ ಗಾಳಿ ಪಂಪಿಗೇ ಬಂದು ಕೂರುತ್ತದೆ.

ವಿಜಯಪುರದ ಎಡಿಟರ್:
ಇಲ್ಲ ರೀ. ರೇಡಿಯೇಟರ್ ಕೇಸಿನ ಮೇಲ್ಗಡೆಯೇ ಇದೆ. ಸದ್ದೆಲ್ಲ ಫ್ಯಾನಿನದೇ.

ನವನಗರ ರಿಪೇರಿ, ಬಾಗಲಕೋಟೆ:
ಅಣ್ಣಾರೆ, ದುಡ್ಡು ಸುರಿಯುವ ಮೊದಲು ಒಂದು ಕೆಲಸ ಮಾಡಿ. ಎಕ್ಸ್‌ಪೋರ್ಟ್ ಹಚ್ಚಿ, ಎರಡು ನಿಮಿಷ ಬಿಟ್ಟು ಎರಡೂ ಪೈಪ್ ಕೈಯಲ್ಲಿ ಹಿಡಿದು ನೋಡಿ. ನೀರು ಸರಿಯಾಗಿ ಓಡುತ್ತಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಬಿಸಿ ಇರುತ್ತವೆ. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ನೀರು ತೀರಾ ನಿಧಾನ ಹೋಗುತ್ತಿದೆ ಎಂದರ್ಥ. ಆಗ ಬಿಸಿ ಸಿಪಿಯು ಹತ್ತಿರವೇ ಉಳಿಯುತ್ತದೆ. ಫ್ಯಾನ್ ಎಷ್ಟು ತಿರುಗಿದರೂ ತಣ್ಣಗಿರುವ ರೇಡಿಯೇಟರಿಗೆ ಸುಮ್ನೆ ಗಾಳಿ ಹಾಕಿದ ಹಾಗೆ.

ಪಂಪಿನ ವೈರ್ ಬೋರ್ಡಿನಲ್ಲಿ ಎಲ್ಲಿ ಚುಚ್ಚಿದೆ ಅಂತಲೂ ನೋಡಿ. ನನಗೆ ಅನುಮಾನ ಅಲ್ಲೇ. ಕೇಸ್ ಫ್ಯಾನಿನ ಪಿನ್ನಿಗೆ ಹಾಕಿದ್ದರೆ, ತುಂಬಾ ಬೋರ್ಡುಗಳಲ್ಲಿ ಅದರ ವೇಗ ಸಿಪಿಯು ಬಿಸಿ ನೋಡಿ ಏರುವುದಿಲ್ಲ, ಮದರ್‌ಬೋರ್ಡಿನ ಬಿಸಿ ನೋಡಿ ಏರುತ್ತದೆ. ಸಿಪಿಯು 95ಕ್ಕೆ ಹೋದರೂ ಬೋರ್ಡ್ 45ರಲ್ಲೇ ಇರಬಹುದು. ಪಂಪಿಗೆ ಅವಸರವೇ ಗೊತ್ತಾಗುವುದಿಲ್ಲ. ಮೊದಲು ಫುಲ್ ಸ್ಪೀಡ್ ಇಟ್ಟಿದ್ದಿರಬೇಕು. ಬಯೋಸ್ ಅಪ್‌ಡೇಟ್ ಆದಾಗ ಸಾಮಾನ್ಯವಾಗಿ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತವೆ.

ಮೂರು ಪಿನ್ನಿನ ಪಂಪ್ ಆದರೆ ಇನ್ನೂ ಕಷ್ಟ. ಬೋರ್ಡ್ ವೋಲ್ಟೇಜ್ ಇಳಿಸಿಯೇ ವೇಗ ಕಡಿಮೆ ಮಾಡುತ್ತದೆ. 12 ವೋಲ್ಟ್ ಬೇಕಾದ ಮೋಟಾರು ಅರ್ಧದಲ್ಲೇ ಏದುಸಿರು ಬಿಡುತ್ತದೆ. ಬಯೋಸಿನಲ್ಲಿ ಆ ಪಿನ್ನಿಗೆ ಫುಲ್ ಸ್ಪೀಡ್ ಕೊಡಿ.

ವಿಜಯಪುರದ ಎಡಿಟರ್:
ಈಗಷ್ಟೇ ಹಿಡಿದು ನೋಡಿದೆ. ಒಂದು ಪೈಪ್ ಆಗ ತಾನೇ ಕೊಟ್ಟ ಚಹಾದ ಗ್ಲಾಸ್ ಹಾಗೆ, ಬೆರಳು ಇಡಲಾಗಲಿಲ್ಲ. ಇನ್ನೊಂದು ಹತ್ತಿರ ಹತ್ತಿರ ರೂಮಿನಷ್ಟೇ ಬಿಸಿ. ವೈರ್ ನೀವಂದ ಹಾಗೆ ಕೇಸ್ ಫ್ಯಾನಿನ ಪಿನ್ನಿನಲ್ಲೇ ಇತ್ತು, ಮೂರು ಪಿನ್ನಿನದು. ಫುಲ್ ಸ್ಪೀಡ್ ಕೊಟ್ಟೆ. ಪಂಪ್ 2600ಕ್ಕೆ ಹೋಯಿತು. 40 ನಿಮಿಷದ ಎಕ್ಸ್‌ಪೋರ್ಟ್ ಮುಗಿಯುವ ತನಕ ಸಿಪಿಯು 82 ದಾಟಲಿಲ್ಲ. ನಿಮ್ಮ ಉಪಕಾರ ಮರೆಯುವುದಿಲ್ಲ ರೀ. ಫ್ಯಾನ್ ಮಾತ್ರ ಈಗಲೂ ಕ್ಷಣಕ್ಕೊಮ್ಮೆ ಏರುತ್ತದೆ, ಇಳಿಯುತ್ತದೆ.

ಬೆಳಗಾವಿ ಗೇಮರ್:
82 ಇನ್ನೂ ಕಡಿಮೆ ಆಗಬೇಕಲ್ವಾ?

ನವನಗರ ರಿಪೇರಿ, ಬಾಗಲಕೋಟೆ:
ಆಗುವುದಿಲ್ಲ ತಮ್ಮಾ. ರೂಮೇ 40 ಇರುವಾಗ ರೇಡಿಯೇಟರಿನ ನೀರು ಅದಕ್ಕಿಂತ ತಣ್ಣಗಾಗಲು ದಾರಿಯೇ ಇಲ್ಲ. ನಿಮ್ಮ ಬೆಳಗಾವಿಯ ಹವೆ ಬೇರೆ. ಆ ಕೋಣೆಯಲ್ಲಿ 82 ಒಳ್ಳೆಯ ಅಂಕಿ.

ಅಣ್ಣಾರೆ, ಸಿಪಿಯು ಬಿಸಿ ಕ್ಷಣಕ್ಷಣಕ್ಕೆ ಕುಣಿಯುತ್ತದೆ, ಫ್ಯಾನ್ ಅದರ ಬೆನ್ನು ಹತ್ತಿದೆ. ನೀರು ಬಿಸಿಯಾಗುವುದು ನಿಧಾನ. ಹಾಗಾಗಿ ಬಯೋಸಿನ ಫ್ಯಾನ್ ಸೆಟ್ಟಿಂಗಿನಲ್ಲಿ ವೇಗ ಏರಲು, ಇಳಿಯಲು ಐದಾರು ಸೆಕೆಂಡ್ ತಡ ಕೊಡಿ, ಸದ್ದು ನಿಲ್ಲುತ್ತದೆ.

ಎರಡು ಫ್ಯಾನಿಗೂ ಒಂದೇ ಪಿನ್ನಿನಿಂದ ಕವಲೊಡೆಯುವ ವೈ ವೈರ್ ಇದ್ದರೆ ಬೋರ್ಡಿಗೆ ಒಂದರ ಆರ್‌ಪಿಎಂ ಮಾತ್ರ ಕಾಣುತ್ತದೆ. ಎರಡೂ ತಿರುಗುತ್ತಿವೆಯಾ ಎಂದು ಕಣ್ಣಾರೆ ನೋಡಿ. ರೇಡಿಯೇಟರಿನ ಧೂಳು ಬ್ಲೋವರ್‌ನಿಂದ ಹೊಡೆಯುವಾಗ ಕಂಪ್ಯೂಟರ್ ಆಫ್ ಇರಲಿ. ಫ್ಯಾನಿನ ರೆಕ್ಕೆ ಬೆರಳಲ್ಲಿ ಒತ್ತಿ ಹಿಡಿಯಿರಿ, ಗಾಳಿಗೆ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ವಿಜಯಪುರದ ಎಡಿಟರ್:
ಆರು ಸೆಕೆಂಡ್ ಇಟ್ಟೆ, ಈಗ ಸದ್ದು ಒಂದೇ ಸಮ ಇದೆ. ಎರಡೂ ಫ್ಯಾನ್ ತಿರುಗುತ್ತಿವೆ. ಎರಡನೇ ಮದುವೆ ಎಕ್ಸ್‌ಪೋರ್ಟಿಗೆ ಹಚ್ಚಿದ್ದೇನೆ.