ಪೆರೋಲ್ ಮೇಲೆ ಹೊರಬಂದವನು ಹಿಂದಿರುಗಬೇಕೋ, ಬೇಡವೋ?

ಬಳಗದವರಿಗೆಲ್ಲ ನಮಸ್ಕಾರ.

ಒಂದು ಅನುವಾದದ ನಡುವೆ ಸಿಕ್ಕಿಕೊಂಡಿದ್ದೇನೆ. ಅಮೆರಿಕದ ಲೂಸಿಯಾನಾ ರಾಜ್ಯದ ಹೆನ್ರಿ ಮಾಂಟ್‌ಗೊಮರಿ ಎಂಬಾತನ ಕುರಿತ ಲೇಖನ ಅದು. 1963ರಲ್ಲಿ, ಹದಿನೇಳರ ಹರೆಯದಲ್ಲಿ, ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದು ಜೈಲು ಸೇರಿದವನು. ಹದಿನೆಂಟು ತುಂಬದವರಿಗೆ ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆಯನ್ನು ಕಡ್ಡಾಯವಾಗಿ ವಿಧಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಹಳೆಯ ಕೈದಿಗಳಿಗೂ ಅದು ಅನ್ವಯಿಸುತ್ತದೆ ಎಂದು 2016ರಲ್ಲಿ ತೀರ್ಪು ಬಂದದ್ದು ಇವನದೇ ಮೊಕದ್ದಮೆಯಲ್ಲಿ. ಆಮೇಲೂ ಪೆರೋಲ್ ಮಂಡಳಿ ಎರಡು ಸಲ ಒಲ್ಲೆ ಎಂದಿತು. ಕೊನೆಗೆ 2021ರ ನವೆಂಬರ್‌ನಲ್ಲಿ, 75ನೇ ವಯಸ್ಸಿನಲ್ಲಿ, ‘ಪೆರೋಲ್ ಮೇಲೆ ಬಿಡುಗಡೆಯಾದ’ ಎಂದು ನಾನು ಬರೆದೆ.

ಕರಡನ್ನು ದೊಡ್ಡಪ್ಪನಿಗೆ ಓದಲು ಕೊಟ್ಟೆ. ಅವರು ಜೈಲಿನಲ್ಲಿ ವಾರ್ಡರ್ ಆಗಿದ್ದು ನಿವೃತ್ತರಾದವರು. ಪೂರ್ತಿ ಓದಿ, ಕನ್ನಡಕ ತೆಗೆದು ಕೇಳಿದ್ದು ಇಷ್ಟೇ: “ಎಷ್ಟು ದಿನಕ್ಕೆ ಬಿಟ್ಟರಪ್ಪಾ? ವಾಪಸು ಯಾವಾಗ?”

ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿ. ನಮ್ಮಲ್ಲಿ ಪೆರೋಲ್ ಎಂದರೆ ಹೋಗಿ ಬರುವುದು. ತಾಯಿ ತೀರಿಕೊಂಡರೆ, ಮಗಳ ಮದುವೆಯಿದ್ದರೆ, ಮನೆ ಬಿದ್ದುಹೋದರೆ ಕೆಲವು ದಿನಗಳ ಮಟ್ಟಿಗೆ ಬಿಡುತ್ತಾರೆ. ಗಡುವಿನೊಳಗೆ ಜೈಲಿನ ಬಾಗಿಲಿಗೆ ಬಂದು ನಿಲ್ಲಬೇಕು. ಕೊಲೆ ಪ್ರಕರಣದ ಕೈದಿಯೊಬ್ಬನಿಗೆ ಮದುವೆಯಾಗಲೆಂದು ಕರ್ನಾಟಕ ಹೈಕೋರ್ಟ್ 2023ರಲ್ಲಿ ಪೆರೋಲ್ ಕೊಟ್ಟಿತು. ಮರುವರ್ಷ ಇನ್ನೊಬ್ಬನಿಗೆ ಹೊಲದ ಕೆಲಸ ನೋಡಿಕೊಳ್ಳಲು 90 ದಿನ ಸಿಕ್ಕಿತು. ಅಮೆರಿಕದ ಪೆರೋಲ್ ಇದಲ್ಲ. ಅಲ್ಲಿ ಶಿಕ್ಷೆಯ ಒಂದು ಭಾಗ ಮುಗಿದ ಮೇಲೆ ಮಂಡಳಿಯೊಂದು ಕೈದಿಯನ್ನು ಮನೆಗೇ ಕಳುಹಿಸುತ್ತದೆ. ಉಳಿದ ಅವಧಿಯನ್ನು ಅವನು ಅಧಿಕಾರಿಯೊಬ್ಬನ ಕಣ್ಗಾವಲಿನಲ್ಲಿ ಹೊರಗೇ ಕಳೆಯುತ್ತಾನೆ. ಷರತ್ತು ಮುರಿದರೆ ಮಾತ್ರ ಮತ್ತೆ ಒಳಗೆ. ನಮ್ಮದರಲ್ಲಿ ಹಿಂದಿರುಗುವುದೇ ನಿಯಮ, ಅವರದರಲ್ಲಿ ಹಿಂದಿರುಗದಿರುವುದು. ‘ಪೆರೋಲ್ ಇಲ್ಲದ ಜೀವಾವಧಿ’ ಎಂದು ಅಚ್ಚಾದದ್ದನ್ನು ಓದಿದ ನಮ್ಮವರು, ಪಾಪ, ತಾಯಿಯ ಮಣ್ಣಿಗೂ ಬಿಡುವುದಿಲ್ಲವಂತೆ ಎಂದುಕೊಳ್ಳುತ್ತಾರೆಯೇ ಹೊರತು, ಸಾಯುವವರೆಗೆ ಹೊರಬರುವ ದಾರಿಯೇ ಇಲ್ಲ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಪದದ ಬೇರು ಹುಡುಕಿದರೆ ನಮ್ಮ ಬಳಕೆಯೇ ಹಳೆಯ ಅರ್ಥಕ್ಕೆ ಹತ್ತಿರ. ಫ್ರೆಂಚಿನ ‘ಪರೋಲ್’ ಎಂದರೆ ಮಾತು. ಯುದ್ಧದಲ್ಲಿ ಸೆರೆಸಿಕ್ಕ ಅಧಿಕಾರಿ ‘ಓಡಿಹೋಗುವುದಿಲ್ಲ’ ಎಂದೋ ‘ಮತ್ತೆ ಆಯುಧ ಹಿಡಿಯುವುದಿಲ್ಲ’ ಎಂದೋ ತನ್ನ ಮರ್ಯಾದೆಯ ಮೇಲೆ ಮಾತು ಕೊಟ್ಟರೆ ಅವನನ್ನು ಬಿಡುತ್ತಿದ್ದರು. (ಪಾರ್ಲಿಮೆಂಟು ಕೂಡ ಇದೇ ಬೇರಿನಿಂದ ಚಿಗುರಿದ್ದು. ಕೊಟ್ಟ ಮಾತಿಗೂ ಅದಕ್ಕೂ ಈಗ ಎಷ್ಟು ನಂಟು ಉಳಿದಿದೆ ಎಂಬುದು ಈ ಬಳಗದ ಚರ್ಚೆಯಲ್ಲ.) ಕನ್ನಡದಲ್ಲಿ ಇದಕ್ಕೆ ನೇರವಾದ ಪದವೇ ಇದೆ: ಭಾಷೆ. ಭಾಷೆ ಕೊಡು, ಭಾಷೆಗೆ ತಪ್ಪು. ನೀವು ಬರೆಯುವ ಮೊದಲೇ ನಾನೇ ಹೇಳಿಬಿಡುತ್ತೇನೆ, ಗೋವಿನ ಹಾಡಿನ ಪುಣ್ಯಕೋಟಿ ಹುಲಿಯಿಂದ ಪಡೆದದ್ದು ಅಪ್ಪಟ ಪೆರೋಲ್. ಕರುವಿಗೆ ಹಾಲೂಡಿಸಲು ಕೆಲವು ಗಂಟೆಗಳ ಬಿಡುವು, ಜಾಮೀನುದಾರರಿಲ್ಲ, ಪೊಲೀಸ್ ವರದಿಯಿಲ್ಲ, ಬರೀ ಭಾಷೆ.

ಇಂದಿನ ಪೆರೋಲ್‌ನಲ್ಲಿ ಆ ಭಾಷೆ ಎಲ್ಲಿದೆ? ದೊಡ್ಡಪ್ಪ ಹೇಳುವಂತೆ, ಅಲ್ಲಿರುವುದು ಮುಚ್ಚಳಿಕೆ. ಇಬ್ಬರು ಜಾಮೀನುದಾರರು, ಊರಿನ ಠಾಣೆಯ ವರದಿ, ದಿನಾ ಸಹಿ. ಸೆರೆಮನೆಯ ಸುತ್ತಲಿನ ಪದಗಳನ್ನು ನೋಡಿ: ಕೈದಿ ಅರಬ್ಬಿಯದು, ಜಾಮೀನೂ ಅಲ್ಲಿಂದಲೇ ಬಂದದ್ದು, ಸಜೆ ಪಾರಸಿಯದು, ಮುಚ್ಚಳಿಕೆ ತುರ್ಕಿ ಮೂಲದ್ದು, ಪೆರೋಲ್ ಫ್ರೆಂಚಿನದು. ಸೆರೆ ಎಂಬ ಪದ ಮಾತ್ರ ನಮ್ಮದು, ತಮಿಳಿನಲ್ಲೂ ಅದರ ಅಕ್ಕನಿದ್ದಾಳೆ. ಹಿಡಿದಿಡಲು ನಮ್ಮಲ್ಲಿ ಪದವಿತ್ತು, ಷರತ್ತಿನ ಮೇಲೆ ಬಿಡಲು ಎಲ್ಲರಿಂದಲೂ ಕಡ ತಂದೆವು.

ಕೆಲವರು ಪೆರೋಲ್‌ಗೆ ‘ಕೈದಿ ರಜೆ’ ಎಂದು ಬರೆಯುತ್ತಾರೆ. ಇದು ಒಪ್ಪುವ ಮಾತಲ್ಲ. ರಜೆಯ ಗುಣ ಇರುವುದು ಕೈದಿಯನ್ನು ಕೆಲವು ದಿನ ಹೊರಗೆ ಬಿಡುವ ಇನ್ನೊಂದು ಬಗೆಯಾದ ಫರ್ಲೋಗೆ. ಡಚ್ಚರ ‘ವೆರ್ಲೋಫ್’, ಸಿಪಾಯಿಗೆ ಊರಿಗೆ ಹೋಗಿ ಬರಲು ಕೊಡುತ್ತಿದ್ದ ರಜೆ. ಫರ್ಲೋ ದಿನಗಳು ಸಾಮಾನ್ಯವಾಗಿ ಶಿಕ್ಷೆಯ ಲೆಕ್ಕಕ್ಕೆ ಜಮೆಯಾಗುತ್ತವೆ, ನೌಕರನ ರಜೆ ಸೇವಾವಧಿಗೆ ಸೇರುವ ಹಾಗೆ. ಪೆರೋಲ್ ದಿನಗಳ ಮಾತು ಬೇರೆ. ಗೋವಾದ ಜೀವಾವಧಿ ಕೈದಿಗಳ ಪ್ರಕರಣವೊಂದರಲ್ಲಿ, ಅವಧಿಗೆ ಮುನ್ನ ಬಿಡುಗಡೆ ಕೇಳಲು ಒಳಗೆ ಕಳೆದಿರಬೇಕಾದ 14 ವರ್ಷಗಳ ಲೆಕ್ಕದಿಂದ ಪೆರೋಲ್ ದಿನಗಳನ್ನು ಕಳೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಜನವರಿಯಲ್ಲಿ ಹೇಳಿತು. ಹೊರಗಿದ್ದಷ್ಟು ದಿನವನ್ನು ಕೊನೆಯಲ್ಲಿ ಒಳಗೆ ಕೂತು ತೀರಿಸಬೇಕಾದರೆ ಅದನ್ನು ರಜೆ ಎನ್ನುವುದು ಹೇಗೆ?

ಈ 14 ಎಂಬ ಅಂಕಿಯೂ ‘ಜೀವಾವಧಿ’ ಎಂಬ ಪದದ ಅರ್ಥವನ್ನು ಕೆಡಿಸಿದೆ. ‘ಜೀವಾವಧಿ ಎಂದರೆ ಹದಿನಾಲ್ಕು ವರ್ಷ, ಹಗಲು ಬೇರೆ ರಾತ್ರಿ ಬೇರೆ ಎಣಿಸಿದರೆ ಏಳು’ ಎಂದು ಹೇಳದ ಬಸ್ ನಿಲ್ದಾಣವಿಲ್ಲ. ರಾಮನ ವನವಾಸಕ್ಕೂ ಅಷ್ಟೇ ವರ್ಷವಾದ್ದರಿಂದಲೋ ಏನೋ, ನಂಬಿಕೆ ಗಟ್ಟಿಯಾಗಿ ಕೂತಿದೆ. ನಿಜಕ್ಕೂ ಪದ ಹೇಳುವುದನ್ನೇ ಕಾನೂನೂ ಹೇಳುತ್ತದೆ: ಜೀವ ಇರುವಷ್ಟು ಅವಧಿ. ಸರ್ವೋಚ್ಚ ನ್ಯಾಯಾಲಯ 1961ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಹದಿನಾಲ್ಕು ಇದ್ದದ್ದು 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿಸಿದ 433ಎ ಕಲಮಿನಲ್ಲಿ. ಮರಣದಂಡನೆಯನ್ನೂ ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಪಡೆದವನನ್ನು 14 ವರ್ಷ ತುಂಬುವ ಮೊದಲು ಬಿಡಬಾರದು ಎಂಬುದಷ್ಟೇ ಅದರ ಹುರುಳು. ‘ಇಷ್ಟಕ್ಕಿಂತ ಮೊದಲು ಬೇಡ’ ಎಂಬುದು ಜನರ ಬಾಯಲ್ಲಿ ‘ಇಷ್ಟಾದ ಮೇಲೆ ಬಿಡಲೇಬೇಕು’ ಎಂದಾಯಿತು. ಪದ ಹೀಗೆ ಸವೆದದ್ದರಿಂದಲೇ ಪತ್ರಿಕೆಗಳು ಈಗ ‘ಸಾಯುವವರೆಗೂ ಜೈಲು’, ‘ಕೊನೆಯುಸಿರಿನವರೆಗೆ ಜೈಲು’ ಎಂದೆಲ್ಲ ಒತ್ತಿ ಬರೆಯಬೇಕಾಗಿದೆ. 1956ಕ್ಕೆ ಮೊದಲು ಕಾನೂನಿನಲ್ಲಿ ಈ ಜಾಗದಲ್ಲಿದ್ದದ್ದು ಗಡೀಪಾರು. ಅಂಡಮಾನಿನ ನೆನಪಿನ ‘ಕರಿನೀರಿನ ಶಿಕ್ಷೆ’ಗೆ ಯಾರೂ ಹಗಲು ರಾತ್ರಿ ಎಣಿಸಿದ್ದನ್ನು ಕೇಳಿಲ್ಲ.

ಇನ್ನು ‘ಸನ್ನಡತೆ’. ಆಗಸ್ಟ್ 15 ಹತ್ತಿರವಾದರೆ ‘ಸನ್ನಡತೆ ಆಧಾರದ ಮೇಲೆ ಬಿಡುಗಡೆ’ ಎಂಬ ತಲೆಬರಹ ತಪ್ಪಿದ್ದಲ್ಲ. ಜೈಲಿನೊಳಗೆ ಜಗಳವಾಡದೆ, ಕೊಟ್ಟ ಕೆಲಸ ಮಾಡಿಕೊಂಡಿದ್ದ ಎಂಬುದು ಕಡತದ ಅರ್ಥ. ಹೊರಗಿನವರ ಕಿವಿಗೆ ಬೀಳುವುದು ‘ಸಜ್ಜನ’ ಎಂದು. 2002ರ ಗುಜರಾತ್ ಗಲಭೆಯ ಪ್ರಕರಣವೊಂದರ 11 ಜೀವಾವಧಿ ಕೈದಿಗಳನ್ನು 2022ರ ಆಗಸ್ಟ್ 15ರಂದು ಬಿಟ್ಟಾಗ ಈ ಪದಕ್ಕೆ ಬಂದ ಕಹಿಯನ್ನು ನೆನೆಯಿರಿ. 2024ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಬಿಡುಗಡೆಯನ್ನೇ ರದ್ದುಮಾಡಿತು. ದೊಡ್ಡಪ್ಪ ಬಳಸುವ ಪದ ‘ಮಾಫಿ’: “ಅವನಿಗೆ ಎರಡು ತಿಂಗಳು ಮಾಫಿ ಬಂತು.” ಅದರಲ್ಲಿ ಗುಣಗಾನವಿಲ್ಲ, ಬರೀ ಲೆಕ್ಕವಿದೆ. ನನಗೆ ಅದೇ ಪ್ರಾಮಾಣಿಕ ಎನಿಸುತ್ತದೆ. ‘ಕ್ಷಮಾದಾನ’ವನ್ನಂತೂ ಇಲ್ಲಿಗೆ ಎಳೆದು ತರಬಾರದು, ಶಿಕ್ಷೆ ಕಡಿತವಾದರೆ ಅಪರಾಧ ಅಳಿಯುವುದಿಲ್ಲ.

ಬಿಡುಗಡೆಗೆ ಹಳೆಯ ಪದ ಬೇಕೆನ್ನುವವರಿಗೆ ಒಂದು ಸ್ವಾರಸ್ಯ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ, ರಾಜನ ಜನ್ಮನಕ್ಷತ್ರದ ದಿನ ಮತ್ತು ಹುಣ್ಣಿಮೆಗಳಲ್ಲಿ ಬಾಲರು, ಮುದುಕರು, ರೋಗಿಗಳು, ಅನಾಥರನ್ನು ಸೆರೆಯಿಂದ ಬಿಡುವ ಮಾತಿದೆ. ಅಲ್ಲಿ ಬಳಸಿರುವ ಪದ ‘ವಿಸರ್ಗ’. ದುಃಖದ ನಡುವೆ ಎರಡು ಚುಕ್ಕಿ ಇಡುವಾಗಲೆಲ್ಲ ಇನ್ನು ನನಗೆ ಜೈಲಿನ ಬಾಗಿಲು ನೆನಪಾಗುತ್ತದೆ.

ಈಗ ನನಗೆ ಬೇಕಾದದ್ದು. ಅಮೆರಿಕದ ಪೆರೋಲ್‌ಗೆ ‘ಷರತ್ತುಬದ್ಧ ಬಿಡುಗಡೆ’ ಎಂದರೆ ಷರತ್ತುಬದ್ಧ ಜಾಮೀನಿನ ಜೊತೆ ಕಲಸಿಹೋಗುತ್ತದೆ. ‘ನಿಗಾ ಬಿಡುಗಡೆ’ ಎಂದು ಹಾಕಿ ನೋಡಿದೆ. ಮಂಡಳಿಗೆ ‘ನಿಗಾ ಬಿಡುಗಡೆ ಮಂಡಳಿ’ ಎಂದರೆ ಕಿವಿಗೆ ಒರಟು, ಆದರೆ ಅರ್ಥ ತಪ್ಪುವುದಿಲ್ಲ. ಆ ಲೇಖನದ ತಲೆಬರಹವನ್ನು ‘ಎರಡನೇ ಅವಕಾಶ’ ಎಂದು ಕನ್ನಡಿಸಿದ್ದೆ; ದೊಡ್ಡಮ್ಮ ಅದನ್ನು ಓದಿ, “ಏನು, ಪೂರಕ ಪರೀಕ್ಷೆಯೇ?” ಎಂದರು. ‘ಬಾಳು ಕೊಡು’ ಎಂಬ ನುಡಿಗಟ್ಟು ನಮ್ಮಲ್ಲಿ ಮದುವೆಗೆ ಮೀಸಲಾಗಿಬಿಟ್ಟಿದೆ. ‘ಮರುಬಾಳು’ ನಡೆದೀತೇ? ನ್ಯಾಯಾಲಯದ ಅನುವಾದಕರು, ವಕೀಲರು ಬಳಗದಲ್ಲಿದ್ದಾರೆ, ದಯವಿಟ್ಟು ಹೇಳಿ. ಕಲಬುರಗಿ, ಬೆಳಗಾವಿ ಕಡೆಯ ಜೈಲುಮಾತಿನಲ್ಲಿ ಮಾಫಿ, ಪೆರೋಲ್‌ಗಳಿಗೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ. ಸೋಮವಾರ ಕರಡು ಕಳುಹಿಸಬೇಕು. ಅಷ್ಟರೊಳಗೆ ಪದ ಸಿಗದಿದ್ದರೆ ‘ಪೆರೋಲ್’ ಎಂದೇ ಬಿಟ್ಟು, ಅದರ ಪಕ್ಕದಲ್ಲಿ ‘ಹಿಂದಿರುಗಬೇಕಾಗಿಲ್ಲ’ ಎಂದು ಸೇರಿಸುತ್ತೇನೆ.